ಬೀಗರ ಊಟದಲ್ಲಿ ಜೈಲಿನ ಮುದ್ದೆ

ನಮ್ಮ ಭಾವನಷ್ಟು ಸಲ ಜೈಲಿಗೆ ಹೋಗಿ ಬಂದವರು ಹಾಸನ ಜಿಲ್ಲೆಯಲ್ಲಿ ಇನ್ನೊಬ್ಬರಿರಲಾರರು! ಆದರೆ ಒಂದು ಸಲವೂ ಒಳಗೆ ಕಾಲಿಟ್ಟವರಲ್ಲ. ಗೇಟಿನ ಹೊರಗೆ ಕೈಚೀಲ ಹಿಡಿದು ನಿಂತಿರುತ್ತಾರೆ. ಬಿಡುಗಡೆಯಾದವನನ್ನು ಕರೆದೊಯ್ಯಲು ಯಾರೂ ಬಂದಿಲ್ಲವೆಂದರೆ ಮುಗಿಯಿತು, ಅವನು ಭಾವನ ಪಾಲು.

ಒಳಗೆ ಹೋಗಿದ್ದವನು ನಾನು. ಹಳೇಕೋಟೆ ಹತ್ತಿರ ಗದ್ದೆಗೆ ನಾಲೆ ನೀರು ತಿರುಗಿಸುವ ಜಗಳದಲ್ಲಿ ದೊಡ್ಡಪ್ಪನ ಮಗನ ಮೇಲೆ ಮಚ್ಚು ಬೀಸಿದೆ. ಆ ಅಣ್ಣನ ಬಲಗೈ ಅವತ್ತಿನಿಂದ ಮೇಲೇಳಲಿಲ್ಲ. ನೀರು ಇಬ್ಬರ ಗದ್ದೆಗೂ ಬರದೆ ಹಳ್ಳ ಸೇರಿತು.

ಭಾವನ ಕೈಚೀಲದಲ್ಲಿ ಒಂದು ಪಂಚೆ, ಒಂದು ಅಂಗಿ ಇರುತ್ತವೆ. ಅಂಗಿ ಅವರದೇ ಅಳತೆ. ಆ ಅಳತೆಯೋ! ಅದರೊಳಗೆ ನಾನೊಂದು ಸಣ್ಣ ಸಂಸಾರ ಹೂಡಬಹುದಿತ್ತು. ದೊಗಳೆ ಅಂಗಿಯವನು ಹೊಳೆನರಸೀಪುರದಲ್ಲಿ ಬಸ್ಸಿಳಿದರೆ ಟೀ ಅಂಗಡಿಯವನು ಕೇಳದೆಯೇ ಭಾವನ ತೆಂಗಿನಕಾಯಿ ಮಂಡಿಗೆ ದಾರಿ ತೋರಿಸುತ್ತಾನೆ. ಗುಟ್ಟಾಗಿ ಹೊಸ ಬಾಳು ಶುರು ಮಾಡಬೇಕೆಂದವರ ಗತಿ ಏನಾಗಬೇಕು? ಮೈ ತುಂಬಿಕೊಂಡಂತೆ ಎಲ್ಲ ಸರಿಹೋಗುತ್ತದೆ ಎನ್ನುವುದು ಭಾವನ ಸಮಾಧಾನ.

ಮಂಡಿಯ ಹಿಂದೆ ಮಲಗಲು ಕೋಣೆ, ಮುಂದೆ ಕೆಲಸ, ಹೊತ್ತುಹೊತ್ತಿಗೆ ಅಕ್ಕನ ಅಡುಗೆ. ನಾನು ಬಂದ ದಿನವೇ ಭಾವ ಕಾಯಿ ಕೆತ್ತುವ ಮಚ್ಚನ್ನು ಕೈಗಿಟ್ಟರು. ಅಕ್ಕ ಬೆದರಿದಳು.

“ಇವ್ನು ಒಳಿಕ್ಕೋಗಿದ್ದೇ ಮಚ್ಚಿಡ್ಕಂಡು. ಇವತ್ತೇ ಕೊಡ್ಬೇಕಾ?”

“ಇನ್ನೇನ್ ಪೆನ್ನು ಕೊಡ್ಲಾ? ಮಚ್ಚು ಕಾಯಿಗೂ ಬತ್ತದೆ ಅಂತ ಗೊತ್ತಾಗ್ಲಿ.”

ನನ್ನ ಮೊದಲ ಏಟು ತಪ್ಪಿ ಕಾಯಿ ಉರುಳಿಹೋಯಿತು. ಗುರಿ ತಪ್ಪಿದ್ದು ಒಳ್ಳೆಯ ಲಕ್ಷಣ ಎಂದರು ಭಾವ!

ಕೆಲಸ ಸಿಕ್ಕಿತು, ಸರಿ. ಆದರೆ ಅಣ್ಣನಿಗೆ ಮುಖ ತೋರಿಸುವುದು ಹೇಗೆ? ಆ ಹೆದರಿಕೆಗೆ ನಾನು ಊರ ಕಡೆ ತಲೆಯೇ ಹಾಕಿರಲಿಲ್ಲ. ಇದಕ್ಕೆ ಭಾವನ ಬಳಿ ಒಂದೇ ಔಷಧಿ: ಮದುವೆಯಾದ ಮೇಲೆ ನೆಂಟರೆಲ್ಲ ಸೇರುವ ಬೀಗರ ಊಟ. ಕರೆದ ಮನೆಗೂ ಕರೆಯದ ಮನೆಗೂ ನಮ್ಮಂಥವರನ್ನು ಹೊರಡಿಸಿ, ಬಡಿಸಲು ನಿಲ್ಲಿಸುತ್ತಾರೆ. “ಬಿಸಿ ಮುದ್ದೆ ತರೋವ್ನ ಪೂರ್ವೋತ್ತರ ಯಾವನೂ ಕೇಳಲ್ಲ ಕಣ್ಲಾ.”

ಶಾಂತಿಗ್ರಾಮದಲ್ಲಿ ನನ್ನಿಂದ ಅನಾಹುತವಾಯಿತು. ಜೈಲಿನಲ್ಲಿ ನಾನು ಅಡುಗೆಮನೆಯವನು. ಅಲ್ಲಿ ತಲೆಗೊಂದೇ ಮುದ್ದೆ. ಬೀಗರ ಊಟದಲ್ಲೋ, ಸಾಕು ಸಾಕೆಂದರೂ ಹಾಕಬೇಕು! ಗಂಡಿನ ಸೋದರಮಾವ ಇನ್ನೊಂದು ಕೇಳಿದಾಗ ನನ್ನ ಬಾಯಿ ತಾನಾಗಿ ಗದರಿತು: “ಆಗ್ಲೇ ಕೊಟ್ಟಾಯ್ತು, ಮುಂದಕ್ ನಡಿ!”

ಬೀಗರು ಎಲೆ ಬಿಟ್ಟೆದ್ದರು. ಭಾವ ಸಾರಿನ ಬಕೆಟ್ ಸಮೇತ ಅಡ್ಡ ಬಂದರು. “ಬೇಜಾರ್ ಮಾಡ್ಕಬ್ಯಾಡಿ ಯಜಮಾನ್ರೇ, ಇವ್ನು ಇಷ್ಟ್ ದಿನ ಸರ್ಕಾರಿ ಓಟ್ಲಲ್ಲಿದ್ದ.” ಬೀಗರು ನಕ್ಕು ಕುಳಿತರು. ಆ ಕಥೆ ಚನ್ನರಾಯಪಟ್ಟಣ ದಾಟಿ ಎಲ್ಲ ನೆಂಟರ ಕಿವಿಗೂ ಬಿತ್ತು.

ಹೋದ ಬೇಸಿಗೆ ಅರಕಲಗೂಡಿನಲ್ಲಿ ಬಡಿಸುತ್ತ ಹೋಗುತ್ತಿದ್ದೆ. ಪಂಕ್ತಿಯ ನಡುವೆ ಅಣ್ಣ ಕುಳಿತಿದ್ದ. ಬಲಗೈ ಮಡಿಲಲ್ಲಿ ಮಲಗಿತ್ತು. ಹಿಂದಕ್ಕೆ ಓಡೋಣವೆಂದರೆ ಸಾರಿನ ಬಕೆಟ್ ಹಿಡಿದ ಭಾವ! ಎರಡು ಪಂಕ್ತಿಗಳ ನಡುವೆ ಅವರನ್ನು ದಾಟಿ ಹೋದವರುಂಟೇ?

ಒಂದು ಮುದ್ದೆ ಇಟ್ಟೆ. ಕಾಲು ತಾನಾಗಿ ಮುಂದಿನ ಎಲೆಗೆ ಹೊರಟಿತು.

“ಯಾಕ್ಲಾ, ಒಂದೇಯಾ?” ಅಣ್ಣ ತಲೆಯೆತ್ತಲಿಲ್ಲ. “ನಂಗೂ ಜೈಲ್ ಲೆಕ್ಕವಾ?”

ಇನ್ನೊಂದು ಇಟ್ಟೆ. ಎಡಗೈಯಲ್ಲಿ ಮುರಿಯಹೋದರೆ ಮುದ್ದೆ ಎಲೆ ತುಂಬ ಜಾರುತ್ತಿತ್ತು. ಬುಟ್ಟಿ ಕೆಳಗಿಟ್ಟು ಮಂಡಿಯೂರಿದೆ. ಮುದ್ದೆಯನ್ನು ತುತ್ತುತುತ್ತಾಗಿ ಮುರಿದಿಟ್ಟೆ. ಕೈ ಸುಟ್ಟಿತು, ಸುಡಲಿ.

“ತಪ್ಪಾಯ್ತಣ್ಣ.”

“ಮೊದ್ಲು ಸಾರು ಬುಡ್ಸು. ಆರೋಯ್ತದೆ.”

ಭಾವ ಸಾರು ಬಿಟ್ಟರು. ಬಿಡುತ್ತಲೇ ಇದ್ದರು. ಸಾರು ಎಲೆ ದಾಟಿ ಅಣ್ಣನ ಪಂಚೆಗೆ ಹರಿಯಿತು. ಸದಾ ವಟಗುಟ್ಟುವ ಮನುಷ್ಯ ತಮ್ಮ ಅಂಗಿಯ ತೋಳಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು.