ಬದರಿನಾಥರ ಉಗುರಿಗೆ ಹಿಡಿದ ಗ್ರಹಣ

ತ್ಯಾಗರಾಜನಗರದ ಬದರಿನಾಥರು ಕಾಫಿ ಬಿಟ್ಟಿದ್ದಾರೆ ಎಂಬ ಸುದ್ದಿಯನ್ನು ಮೊದಲು ಯಾರೂ ನಂಬಲಿಲ್ಲ. ಸ್ವತಃ ಬದರಿನಾಥರಿಗೇ ನಂಬಿಕೆ ಬಂದಿರಲಿಲ್ಲ. ಬೆಳಿಗ್ಗೆ ಎದ್ದು ಮುಖ ತೊಳೆದು, ಪೇಪರು ಬಿಡಿಸಿಕೊಂಡು ಕೂತು, ಅಭ್ಯಾಸಬಲದಿಂದ ಎಡಗೈಯನ್ನು ಲೋಟಕ್ಕೆಂದು ಚಾಚಿ, ಅಲ್ಲಿ ಲೋಟವಿಲ್ಲವೆಂದು ಅರಿವಾದಾಗಲೆಲ್ಲ ಅವರಿಗೆ ಹೊಸದಾಗಿ ದುಃಖ ಉಕ್ಕುತ್ತಿತ್ತು. ಅಡುಗೆಮನೆಯಿಂದ ಡಿಕಾಕ್ಷನ್ನಿನ ಘಮ ತೇಲಿಬರುತ್ತಿತ್ತು. ಅದನ್ನು ಮೂಗಿನಲ್ಲಿ ಎಳೆದುಕೊಳ್ಳುವುದಕ್ಕೂ ಅಪ್ಪಣೆ ಇರಲಿಲ್ಲ. ದೂರವಾಣಿ ಇಲಾಖೆಯಲ್ಲಿ ಯಾರಿಗೂ ತಲೆಬಾಗದೆ ದುಡಿದು ನಿವೃತ್ತರಾದ ಮನುಷ್ಯ (ಮನೆಯೊಳಗಿನ ತಲೆಬಾಗುವಿಕೆ ಈ ಲೆಕ್ಕಕ್ಕೆ ಸೇರಿಲ್ಲ) ಹೀಗೆ ಸನ್ಯಾಸಿಯಂತೆ ಬಿಸಿನೀರು ಕುಡಿದುಕೊಂಡು ಕೂರಬೇಕಾಗಿ ಬಂದದ್ದು ಒಂದು ಉಗುರಿನ ದೆಸೆಯಿಂದ.

ಉಗುರಿನ ವಿದ್ಯೆ ಅವರಿಗೆ ಒಲಿದದ್ದು ಗುರುಮುಖೇನ ಅಲ್ಲ, ವಾಟ್ಸಾಪ್ ಮುಖೇನ. ಭಾವಮೈದುನನೊಬ್ಬ ಕಳಿಸಿದ ಲೇಖನದಲ್ಲಿ ಎಲ್ಲವೂ ಇತ್ತು. ಉಗುರು ಬಿಳಿಚಿದರೆ ರಕ್ತ ಕಡಿಮೆ, ಚಮಚದ ಹಾಗೆ ಹಳ್ಳಬಿದ್ದರೆ ಕಬ್ಬಿಣ ಕಡಿಮೆ, ಹಳದಿಯಾದರೆ ಶ್ವಾಸಕೋಶ ನೋಡಿಕೊಳ್ಳಿ, ನೀಲಿಯಾದರೆ ಹೃದಯ ನೋಡಿಕೊಳ್ಳಿ. ಕೊನೆಯಲ್ಲಿ ಯಾವ ಉಗುರಿಗೆ ಯಾವ ಹೋಮಿಯೋಪತಿ ಗುಳಿಗೆ ಎಂಬ ವಿವರ. ಸೈಲೀಷಿಯಾ, ಥೂಜಾ, ಗ್ರಾಫೈಟಿಸ್ ಎಂಬ ಹೆಸರುಗಳು ವಾರದೊಳಗೆ ಅವರ ಬಾಯಲ್ಲಿ ಅಷ್ಟೋತ್ತರದಂತೆ ಉರುಳತೊಡಗಿದವು.

ವಿದ್ಯೆ ಬಂದ ಮೇಲೆ ಸುಮ್ಮನಿರುವುದು ಬದರಿನಾಥರ ಜಾಯಮಾನವಲ್ಲ. ಪಾರ್ಕಿನಲ್ಲಿ ನಮಸ್ಕಾರ ಮಾಡುವ ಪದ್ಧತಿಯನ್ನು ಕೈಬಿಟ್ಟು ಕೈಕುಲುಕುವುದನ್ನು ಶುರುಮಾಡಿದರು. ಕುಲುಕಿದ ಕೈಯನ್ನು ಬಿಡುತ್ತಿರಲಿಲ್ಲ. ಬಿಸಿಲಿಗೆ ತಿರುಗಿಸಿ, ಕನ್ನಡಕ ಹಣೆಗೇರಿಸಿ, ನಿಟ್ಟುಸಿರು ಬಿಡುತ್ತಿದ್ದರು. ಆ ನಿಟ್ಟುಸಿರಿಗೇ ಅರ್ಧ ಜನ ಕಾಯಿಲೆ ಬಿದ್ದರು. ಪಕ್ಕದ ಬೀದಿಯ ನಿವೃತ್ತ ಹೆಡ್‌ಮಾಸ್ಟರ್ ಅನಂತರಾಮು ಅವರ ಕೈಯನ್ನಂತೂ ನವೆಂಬರಿನ ಒಂದು ಬೆಳಿಗ್ಗೆ ಬಹಳ ಹೊತ್ತು ಹಿಡಿದುಕೊಂಡಿದ್ದು, ಉಗುರಿನ ಬಣ್ಣ ಸರಿಯಿಲ್ಲ, ಪಿತ್ತಕೋಶದ ಮೇಲೆ ಒಂದು ಕಣ್ಣಿಟ್ಟಿರಿ ಎಂದು ಗಂಭೀರವಾಗಿ ಹೇಳಿ ಕಳಿಸಿದರು. ಚಳಿ ಬಲಿಯುವ ಮೊದಲೇ ಪಾರ್ಕಿಗೆ ಬರುವವರೆಲ್ಲ ಕೈಗವಸು ಹಾಕಿಕೊಳ್ಳಲು ಕಾರಣ ಚಳಿಯಲ್ಲ ಎಂಬುದು ಅವರಿಗೆ ಹೊಳೆಯಲೇ ಇಲ್ಲ.

ಇಲ್ಲಿ ಒಂದು ಮನೆಯ ಗುಟ್ಟನ್ನು ಹೇಳಬೇಕಾಗುತ್ತದೆ. ಚಳಿಗಾಲ ಬಂತೆಂದರೆ ನಮ್ಮ ಕಡೆಯ ಮನೆಗಳಲ್ಲಿ ಅವರೆಕಾಯಿಯ ಸಾಮ್ರಾಜ್ಯ. ಉಪ್ಪಿಟ್ಟಿಗೆ ಅವರೆ, ರೊಟ್ಟಿಗೆ ಅವರೆ, ಹುಳಿಗೆ ಅವರೆ. ಕಾಯಿ ಸುಲಿದರೆ ಕೆಲಸ ಮುಗಿಯಲಿಲ್ಲ. ಕಾಳನ್ನು ನೀರಲ್ಲಿ ನೆನೆಹಾಕಿ, ಒಂದೊಂದನ್ನೂ ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಹಿಡಿದು ಹಿದುಕಿ, ಸಿಪ್ಪೆಯೊಳಗಿಂದ ಬೇಳೆಯನ್ನು ಚಿಮ್ಮಿಸಬೇಕು. ಬದರಿನಾಥರು ನಿವೃತ್ತರಾದ ವರ್ಷವೇ ಅವರ ಹೆಂಡತಿ ಸೀತಾಲಕ್ಷ್ಮಿಯವರು ಈ ಹಿದುಕುವ ಖಾತೆಯನ್ನು ಅವರಿಗೆ ವಹಿಸಿಕೊಟ್ಟಿದ್ದರು. ಗಂಡಸರು ಅಡುಗೆಮನೆಯ ಕಡೆ ತಲೆ ಹಾಕಬಾರದು ಎಂದು ಪಾರ್ಕಿನಲ್ಲಿ ಭಾಷಣ ಮಾಡಿದ್ದ ಬದರಿನಾಥರು, ನಡುಮನೆಯ ಕಿಟಕಿಗೆ ಪರದೆ ಎಳೆದುಕೊಂಡು ಟೀವಿ ಮುಂದೆ ಕೂತು ಹಿದುಕುತ್ತಿದ್ದರು. ಬಾಗಿಲ ಗಂಟೆ ಬಾರಿಸಿದರೆ ಪಾತ್ರೆ ಸೋಫಾ ಕೆಳಗೆ ಹೋಗುತ್ತಿತ್ತು.

ಡಿಸೆಂಬರಿನಲ್ಲಿ ಒಂದು ದಿನ ಬಾಲ್ಕನಿಯ ಎಳೆಬಿಸಿಲಿನಲ್ಲಿ ಕೂತು ಉಗುರು ಕತ್ತರಿಸಿಕೊಳ್ಳುವಾಗ ಅವರ ದೃಷ್ಟಿ ತಮ್ಮದೇ ಬಲಗೈ ಹೆಬ್ಬೆರಳಿನ ಮೇಲೆ ಬಿತ್ತು. ಅಂಚಿನಲ್ಲಿ ಕಂದು ಬಣ್ಣ. ಮಧ್ಯದಲ್ಲಿ ಉದ್ದುದ್ದ ಗೆರೆ. ತುದಿ ಸೀಳಿತ್ತು. ತೋರುಬೆರಳೂ ಅದೇ ದಾರಿ ಹಿಡಿದಿತ್ತು. ಮೊಬೈಲು ತೆಗೆದು ಲೇಖನ ನೋಡಿದರು. ಕಂದು, ಗೆರೆ, ಸೀಳು ಮೂರೂ ಒಟ್ಟಿಗೆ ಬಂದರೆ ಏನು ಎಂದು ಲೇಖಕರು ಬರೆದಿರಲಿಲ್ಲ. ತಡಮಾಡಬೇಡಿ ಎಂದಷ್ಟೇ ಬರೆದಿದ್ದರು. ಬದರಿನಾಥರಿಗೆ ಅದು ತಮಗೇ ಬರೆದ ಮಾತೆನ್ನಿಸಿ ಕಣ್ಣು ಕತ್ತಲಿಟ್ಟಿತು.

ಹೆಂಡತಿಗೆ ಹೇಳಬಾರದು ಎಂದು ನಿಶ್ಚಯಿಸಿದರು. ಪಾಪ, ತಡೆದುಕೊಳ್ಳಲಾರಳು ಎಂದು ತಮಗೆ ತಾವೇ ಹೇಳಿಕೊಂಡರು. (ಅವಳು ನಕ್ಕುಬಿಟ್ಟರೆ ತಾವು ತಡೆದುಕೊಳ್ಳಲಾರರು ಎಂಬುದು ನಿಜವಾದ ಕಾರಣ.) ಗುರುತಿನವರು ಯಾರೂ ಸಿಗದಿರಲೆಂದು ಬಸ್ಸು ಹತ್ತಿ ಚಿಕ್ಕಲಸಂದ್ರದ ಒಬ್ಬ ಹೋಮಿಯೋಪತಿ ಡಾಕ್ಟರಲ್ಲಿಗೆ ಹೋದರು. ಒಳಗೆ ಕಾಲಿಟ್ಟರೆ ಬೆಂಚಿನ ಮೇಲೆ ಅನಂತರಾಮು ಕೂತಿದ್ದರು. ಮಂಡಿನೋವು ಎಂದು ಅನಂತರಾಮು ಹೇಳಿದರು. ನನಗೂ ಮಂಡಿಯೇ ಎಂದು ಬದರಿನಾಥರು ಹೇಳಿ, ಬಲಗೈಯನ್ನು ಜೇಬಿಗೆ ತುರುಕಿಕೊಂಡರು.

ಡಾಕ್ಟರ್ ಶುಭಾ ಚಿಕ್ಕ ವಯಸ್ಸಿನ ಹುಡುಗಿ. ಅವಳ ಕೋಣೆಗೂ ಬೆಂಚಿಗೂ ನಡುವೆ ಒಂದು ಬಟ್ಟೆಯ ಪರದೆ ಅಷ್ಟೇ ಇತ್ತು. ಅವಳು ಉಗುರು ನೋಡುವುದನ್ನು ಬಿಟ್ಟು ಬೇರೆ ಏನೇನೋ ಕೇಳಿದಳು. ಯಾವ ಮಗ್ಗುಲಿಗೆ ಮಲಗುತ್ತಾರೆ, ಗುಡುಗಿಗೆ ಹೆದರುತ್ತಾರಾ, ಸಿಹಿ ಇಷ್ಟವೋ ಖಾರ ಇಷ್ಟವೋ, ಸಿಟ್ಟು ಬಂದರೆ ಹೊರಗೆ ಹಾಕುತ್ತಾರೋ ಒಳಗೇ ನುಂಗುತ್ತಾರೋ. ನುಂಗುತ್ತೇನೆ ಎಂದು ಬದರಿನಾಥರು ಪಿಸುದನಿಯಲ್ಲಿ ಹೇಳಿದರು. ಆಮೇಲೆ ಉಗುರನ್ನು ಲೈಟಿನ ಕೆಳಗೆ ಹಿಡಿದು ಅವಳು ಕೇಳಬೇಕಾದ ಪ್ರಶ್ನೆಯನ್ನೇ ಕೇಳಿದಳು.

"ಅಂಕಲ್, ಕೈಯಲ್ಲಿ ಏನೇನು ಕೆಲಸ ಮಾಡ್ತೀರ? ಗಿಡ ನೋಡ್ಕೊಳ್ಳೋದು, ಪೇಂಟು, ತರಕಾರಿ ಸುಲಿಯೋದು, ಈ ಥರ?"

ಪರದೆಯ ಆಚೆ ಅನಂತರಾಮು ಕೆಮ್ಮಿದ್ದು ಕೇಳಿಸಿತು.

"ಓದೋದು ಬರೆಯೋದು ಅಷ್ಟೇ ಡಾಕ್ಟ್ರೇ," ಎಂದರು ಬದರಿನಾಥರು, ಬೀದಿಗೆ ಕೇಳುವಷ್ಟು ಗಟ್ಟಿಯಾಗಿ. "ಅಡುಗೆಮನೆ ಕಡೆ ನಾನು ತಲೆ ಹಾಕಿ ಮಲಗೋದೂ ಇಲ್ಲ."

ಹೊರಗಿನ ಕಾರಣ ಏನೂ ಇಲ್ಲವಾದರೆ ಒಳಗಿನದನ್ನು ಹುಡುಕಬೇಕಾಗುತ್ತದೆ ಎಂದು ಡಾಕ್ಟರು ರಕ್ತಪರೀಕ್ಷೆಗೆ ಬರೆದುಕೊಟ್ಟಳು. ಏನು ಬರುತ್ತದೋ ಎಂಬ ಹೆದರಿಕೆಗೆ ಬದರಿನಾಥರು ಆ ಚೀಟಿಯನ್ನು ಷರ್ಟಿನ ಜೇಬಿನಲ್ಲೇ ಬಿಟ್ಟು ವಾಷಿಂಗ್ ಮೆಷಿನ್ನಿಗೆ ಹಾಕಿದರು. ಆದರೆ ಗುಳಿಗೆಯನ್ನು ಮಾತ್ರ ವ್ರತದಂತೆ ಹಿಡಿದರು. ಕೈಯಲ್ಲಿ ಮುಟ್ಟಬಾರದು, ಮುಚ್ಚಳಕ್ಕೆ ಉದುರಿಸಿಕೊಂಡು ನಾಲಿಗೆಯ ಕೆಳಗೆ ಹಾಕಿಕೊಳ್ಳಬೇಕು. ಈರುಳ್ಳಿ, ಬೆಳ್ಳುಳ್ಳಿ, ಕರ್ಪೂರದ ವಾಸನೆ ಕೂಡದು. ಕಾಫಿ ಖಂಡಿತ ಕೂಡದು.

ಎದೆಯುರಿ, ಅದಕ್ಕೇ ಕಾಫಿ ಬೇಡ ಎಂದು ಮನೆಯಲ್ಲಿ ಹೇಳಿದರು. ಅದು ಸೀತಾಲಕ್ಷ್ಮಿಯವರ ಕಿವಿಗೆ ಬಿದ್ದ ರೀತಿಯೇ ಬೇರೆ.

"ನನ್ನ ಕಾಫಿಗೆ ಎದೆ ಉರೀತಾ ನಿಮಗೆ? ಇಷ್ಟು ವರ್ಷ ಉರೀಲಿಲ್ಲ?"

"ನಿನ್ನ ಕಾಫಿಗೆ ಅಂತ ನಾನೆಲ್ಲಿ ಅಂದೆ? ಒಟ್ಟಾರೆ ಕಾಫಿಗೆ."

"ಈ ಮನೇಲಿ ಒಟ್ಟಾರೆ ಕಾಫಿ ಮಾಡೋರು ಇನ್ಯಾರಿದ್ದಾರೆ?"

ಅಂದಿನಿಂದ ಮನೆಯಲ್ಲಿ ಮಾತುಕತೆ ಪಾತ್ರೆಗಳ ಮೂಲಕ ನಡೆಯಿತು. ಅದರ ಮೇಲೆ ಮಂಗಳಾರತಿಯ ಸಮಸ್ಯೆ ಬೇರೆ. ಸೀತಾಲಕ್ಷ್ಮಿಯವರು ಕರ್ಪೂರ ಹಚ್ಚುತ್ತಿದ್ದಂತೆ ಬದರಿನಾಥರು ಮೂಗು ಮುಚ್ಚಿಕೊಂಡು ಬಾಲ್ಕನಿಗೆ ಓಡುತ್ತಿದ್ದರು. ಕಾಫಿ ಬಿಟ್ಟರು, ಈರುಳ್ಳಿ ಬಿಟ್ಟರು, ಈಗ ದೇವರನ್ನೂ ಬಿಟ್ಟರು. ಯಾವನೋ ಹೊಸ ಸ್ವಾಮಿಯ ಗುಂಪಿಗೆ ಸೇರಿಕೊಂಡಿದ್ದಾರೆ ಎಂದು ಅವರು ಉತ್ತರಹಳ್ಳಿಯ ತಂಗಿಗೆ ಫೋನಿನಲ್ಲಿ ಹೇಳಿ ಅತ್ತರು.

ಇತ್ತ ಬದರಿನಾಥರ ಮನಸ್ಸು ದಿನೇ ದಿನೇ ಕರಗಿಹೋಗುತ್ತಿತ್ತು. ತಾವಿಲ್ಲದ ಮನೆಯನ್ನು ಕಲ್ಪಿಸಿಕೊಳ್ಳುತ್ತಿದ್ದರು. ಮುಂದಿನ ಅವರೆಕಾಲಕ್ಕೆ ತಾವಿರುವುದಿಲ್ಲ, ಸೀತಾ ಒಬ್ಬಳೇ ಪಾತ್ರೆಯ ಮುಂದೆ ಕೂತು ಹಿದುಕುತ್ತಿರುತ್ತಾಳೆ ಎಂದು ನೆನೆದು ಕನ್ನಡಕ ತೆಗೆದು ಒರೆಸಿಕೊಳ್ಳುತ್ತಿದ್ದರು. ಇದ್ದಷ್ಟು ದಿನವಾದರೂ ಅವಳಿಗೆ ಸುಖ ಕೊಡಬೇಕು ಎಂದು, ಮೊದಲು ಗೊಣಗಿಕೊಂಡು ಮಾಡುತ್ತಿದ್ದ ಕೆಲಸವನ್ನು ಈಗ ಭಕ್ತಿಯಿಂದ ಮಾಡಹತ್ತಿದರು. ಕೇಳುವ ಮೊದಲೇ ಪಾತ್ರೆ ಎಳೆದುಕೊಳ್ಳುತ್ತಿದ್ದರು. ಗಂಡ ಹಿದುಕುವ ವೇಗ ನೋಡಿ ಸೀತಾಲಕ್ಷ್ಮಿಯವರು ಮಾರ್ಕೆಟ್ಟಿನಿಂದ ಚೀಲ ತುಂಬ ಕಾಯಿ ತರಿಸಿ, ಮಧ್ಯಾಹ್ನವೆಲ್ಲ ಸುಲಿದು ರಾಶಿ ಹಾಕತೊಡಗಿದರು. ತಂಗಿಯ ಮನೆಗೊಂದು ಡಬ್ಬ, ನಾದಿನಿಗೊಂದು ಡಬ್ಬ, ಮಹಡಿ ಮನೆಯವರಿಗೊಂದು ಡಬ್ಬ. ಬದರಿನಾಥರು ಕಣ್ಣು ತುಂಬಿಕೊಂಡು ಹಿದುಕಿದರು.

ಉಗುರು ಕಂದಿನಿಂದ ಕಪ್ಪಿಗೆ ತಿರುಗಿತು. ಡಾಕ್ಟರು ಹುಬ್ಬು ಗಂಟಿಕ್ಕಿ ಔಷಧಿಯ ಶಕ್ತಿ ಏರಿಸಿದಳು. ರಕ್ತಪರೀಕ್ಷೆ ಏನಾಯಿತು ಎಂದಳು. ನಾಳೆ ಎಂದರು. ಕೈಯಲ್ಲಿ ನಿಜವಾಗಿ ಏನೂ ಕೆಲಸ ಮಾಡುವುದಿಲ್ಲವಾ ಎಂದು ಮತ್ತೆ ಕೇಳಿದಳು. ಪರದೆಯಾಚೆ ಅನಂತರಾಮು ಮತ್ತೆ ಕೂತಿದ್ದರು. ಬದರಿನಾಥರು ಮತ್ತೆ ಓದೋದು ಬರೆಯೋದು ಅಂದರು.

ಸಂಕ್ರಾಂತಿ ಹತ್ತಿರ ಬಂದಾಗ ಹೆಬ್ಬೆರಳಿನ ಉಗುರಿನ ಒಂದು ಮೂಲೆ ಎದ್ದು ನಿಂತಿತು. ಇನ್ನು ಮುಚ್ಚಿಟ್ಟು ಫಲವಿಲ್ಲ ಎಂದು ಬದರಿನಾಥರು ಹೆಂಡತಿಯನ್ನು ಎದುರಿಗೆ ಕೂರಿಸಿಕೊಂಡರು. ನಾನಿಲ್ಲದ ಕಾಲಕ್ಕೆ ತಿಳಿದಿರಲಿ ಎಂದು ಸಂಪಿನ ಮೋಟರು ಹೇಗೆ ಹಾಕುವುದು, ವಾಲ್ವು ಯಾವ ಕಡೆ ತಿರುಗಿಸುವುದು ಎಂದು ವಿವರಿಸಿದರು. ಮದುವೆಯಾಗಿ ಬಂದಾಗಿನಿಂದ ಆ ಮೋಟರನ್ನು ತಾವೇ ಹಾಕುತ್ತಿದ್ದ ಸೀತಾಲಕ್ಷ್ಮಿಯವರು ಅವರ ಮುಖವನ್ನೇ ನೋಡಿದರು. ಕೊನೆಗೆ ಬದರಿನಾಥರು ಕೈ ಚಾಚಿ ಎಲ್ಲವನ್ನೂ ಹೇಳಿದರು. ಲೇಖನ, ಚಿಕ್ಕಲಸಂದ್ರ, ಗುಳಿಗೆ, ಕಾಫಿ, ಕರ್ಪೂರ, ಎಲ್ಲ.

ಸೀತಾಲಕ್ಷ್ಮಿಯವರು ನಗಲಿಲ್ಲ. ಅವರ ಬೆರಳನ್ನು ತಿರುಗಿಸಿ ನೋಡಿದರು. ಆಮೇಲೆ ತಮ್ಮ ಎರಡೂ ಕೈಗಳನ್ನು ಅದರ ಪಕ್ಕದಲ್ಲಿಟ್ಟರು. ಹತ್ತು ಬೆರಳಿನ ಉಗುರೂ ಕಂದು. ಹೆಬ್ಬೆರಳುಗಳಲ್ಲಿ ಅದೇ ಗೆರೆ, ಅದೇ ಸೀಳು.

"ಅವರೆ ಸೊಗಡು ಇದು. ಸುಲಿದು ಹಿದುಕಿದರೆ ಹಿಡಿಯುತ್ತೆ, ಕಾಯಿ ನಿಂತರೆ ಹೋಗುತ್ತೆ. ಹೋದ ವರ್ಷವೂ ಹೀಗೇ ಇತ್ತು ನಿಮಗೆ." ಅವರ ದನಿ ಸಣ್ಣದಾಯಿತು. "ಪಾರ್ಕಲ್ಲಿ ಊರೋರ ಉಗುರೆಲ್ಲ ಕೈಹಿಡಿದು ನೋಡಿದ್ರಿ. ಒಂದಿನ ನನ್ನ ಕೈ ನೋಡಿದ್ರಾ?"

ಬದರಿನಾಥರು ನೋಡಿರಲಿಲ್ಲ. ಎಷ್ಟೋ ವರ್ಷದಿಂದ ಆ ಕೈ ಲೋಟ ತಂದಿಡುತ್ತಿತ್ತು, ಅವರ ಕಣ್ಣು ಪೇಪರಿನಲ್ಲಿರುತ್ತಿತ್ತು. ನಾಚಿಕೆಯಿಂದ ಅವರಿಗೆ ತಲೆಯೆತ್ತಲಾಗಲಿಲ್ಲ. ಹಾಗೆಯೇ ಸುಮ್ಮನಿದ್ದಿದ್ದರೆ ಮರ್ಯಾದೆ ಉಳಿಯುತ್ತಿತ್ತು. ಆದರೆ ಬದುಕುಳಿದ ಸಂತೋಷ ನಾಚಿಕೆಯನ್ನು ಮೀರಿ ಬಂದು, "ಹಾಗಾದ್ರೆ ಒಂದು ಲೋಟ ಕಾಫಿ ಸಿಗುತ್ತಾ ಸೀತಾ?" ಎಂದು ಬಾಯಿಬಿಟ್ಟರು.

ಸೀತಾಲಕ್ಷ್ಮಿಯವರು ಎದ್ದು ನಿಂತು ಆ ಡಾಕ್ಟರ ವಿಳಾಸ ಕೇಳಿದರು.

ಮಾರನೆಯ ದಿನ ಬೆಳಿಗ್ಗೆ ಹೋದವರು ಮಧ್ಯಾಹ್ನ ಊಟದ ಹೊತ್ತು ಮೀರಿದ ಮೇಲೆ ಬಂದರು. ಮುಖ ಹಬ್ಬದ ದಿನದ ಹಾಗೆ ಕಳೆಕಟ್ಟಿತ್ತು. ಸಿಟ್ಟು ಬಂದರೆ ಹೊರಗೆ ಹಾಕುತ್ತೀರಾ ಒಳಗೇ ನುಂಗುತ್ತೀರಾ ಎಂದು ಡಾಕ್ಟರು ಕೇಳಿದಳಂತೆ. ಹುಟ್ಟಿದಾಗಿನಿಂದ ಯಾರೂ ಕೇಳದ ಪ್ರಶ್ನೆಯಂತೆ. ಸಾವಕಾಶವಾಗಿ ಉತ್ತರ ಹೇಳಿದರಂತೆ. ಹೊರಗೆ ಬೆಂಚು ತುಂಬ ಜನ ಕಾಯುತ್ತಿದ್ದರಂತೆ, ಎಲ್ಲರೂ ಬಹಳ ಗಮನವಿಟ್ಟು ಕೇಳಿಸಿಕೊಂಡರಂತೆ.

"ಅನಂತರಾಮು ಇದ್ದರಾ?" ಎಂದು ಬದರಿನಾಥರು ಕೇಳಿದರು.

"ಮೊದಲನೇ ಸಾಲಲ್ಲೇ ಇದ್ರು. ಪರದೆ ಎಳೆದು ಹಿದುಕೋದು, ಸೋಫಾ ಕೆಳಗೆ ಪಾತ್ರೆ ತಳ್ಳೋದು, ಎಲ್ಲಾ ಹೇಳಿದೆ. ನಿಮ್ಮ ಗುಳಿಗೆ ನಿಲ್ಲಿಸಬಹುದಂತೆ, ಕಾಫಿ ಕುಡೀಬಹುದಂತೆ. ನನ್ನ ಉಗುರಿಗೆ ಮಾತ್ರ ವಿಶ್ರಾಂತಿ ಬೇಕಂತೆ. ಅವರೆಕಾಲ ಮುಗಿಯೋವರೆಗೂ ಸುಲಿಯೋ ಹಾಗಿಲ್ಲ, ಹಿದುಕೋ ಹಾಗಿಲ್ಲ, ನೀರಲ್ಲಿ ಕೈ ಅದ್ದೋ ಹಾಗಿಲ್ಲ."

ಡಾಕ್ಟರು ನಿಜವಾಗಿ ಅಷ್ಟೂ ಹೇಳಿದಳೋ ಎಂದು ಫೋನು ಮಾಡಿ ವಿಚಾರಿಸುವ ಧೈರ್ಯ ಬದರಿನಾಥರಿಗೆ ಬರಲಿಲ್ಲ.

ಸಂಜೆ ಬಾಗಿಲ ಗಂಟೆ ಸದ್ದಾಯಿತು. ಪಾತ್ರೆಯನ್ನು ಸೋಫಾ ಕೆಳಗೆ ತಳ್ಳಲು ಬಗ್ಗಿದ ಬದರಿನಾಥರು, ಇನ್ನು ಯಾರಿಂದ ಮುಚ್ಚಿಡುವುದು ಎಂದು ಅಲ್ಲೇ ಬಿಟ್ಟು ಬಾಗಿಲು ತೆಗೆದರು. ಅನಂತರಾಮು ನಿಂತಿದ್ದರು. ಒಳಗೆ ಬರದೆ, ಕೈಗವಸು ಕಳಚಿ, ತಮ್ಮ ಹೆಬ್ಬೆರಳನ್ನು ಬದರಿನಾಥರ ಮೂಗಿನ ಕೆಳಗೆ ಹಿಡಿದರು. ಕಂದು, ಗೆರೆ, ಸೀಳು.

"ನಮ್ಮನೇಲೂ ನಾನೇ ಹಿದುಕೋದು ಕಣಯ್ಯ," ಎಂದರು ನಿವೃತ್ತ ಹೆಡ್‌ಮಾಸ್ಟರು. "ಪಿತ್ತಕೋಶ ಅಂದೆಯಲ್ಲ ನೀನು, ಆವತ್ತಿಂದ ನಾನು ಕಾಫಿ ಕುಡಿದಿಲ್ಲ. ನಿಮ್ಮನೆಯವರ ಮಾತು ಕೇಳಿದ ಮೇಲೆ ಗೊತ್ತಾಯ್ತು, ಇದು ಅವರೆ ಸೊಗಡು ಅಂತ."

ಒಳಗಿನಿಂದ ಸೀತಾಲಕ್ಷ್ಮಿಯವರ ದನಿ ಬಂತು. ಬಂದವರನ್ನು ಬಾಗಿಲಲ್ಲಿ ನಿಲ್ಲಿಸಬೇಡಿ, ಕೂರಿಸಿ, ಅವರ ಮುಂದೆಯೂ ಒಂದು ಪೇಪರು ಹಾಸಿ ಕಾಯಿ ಸುರಿಯಿರಿ, ಆಮೇಲೆ ಎಲ್ಲರಿಗೂ ಕಾಫಿ ಮಾಡಿಕೊಂಡು ಬನ್ನಿ, ಪರದೆ ಸರಿಸಿ ಬೆಳಕು ಬರಲಿ.

ಅಡುಗೆಮನೆಯಲ್ಲಿ ಬದರಿನಾಥರು ಫಿಲ್ಟರಿನ ಮೇಲಿನ ಪಾತ್ರೆ ಯಾವುದು ಕೆಳಗಿನದು ಯಾವುದು ಎಂದು ಬಹಳ ಹೊತ್ತು ಯೋಚಿಸಿದರು. ಹಾಲು ಉಕ್ಕಿ ಒಲೆ ತುಂಬಿತು. ಕೊನೆಗೂ ಮೂರು ಲೋಟ ಹಿಡಿದು ಬಂದರು. ಅನಂತರಾಮು ಒಂದು ಗುಟುಕು ಕುಡಿದು, ಇಷ್ಟು ದಿನ ಕಾದದ್ದು ಇದಕ್ಕಾ ಎಂಬಂತೆ ಲೋಟ ಕೆಳಗಿಟ್ಟು ಅವರೆಕಾಯಿಗೆ ಕೈಹಾಕಿದರು. ಬದರಿನಾಥರು ಹೆಂಡತಿಗೆ ಲೋಟ ಕೊಡುವಾಗ ಈ ಸಲ ಮರೆಯದೆ ಅವರ ಬೆರಳುಗಳನ್ನು ನೋಡಿದರು. ಸೀತಾಲಕ್ಷ್ಮಿಯವರು ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದರು.

"ಇದಕ್ಕಿಂತ ಆ ಗುಳಿಗೇನೇ ವಾಸಿಯಾಗಿತ್ತು," ಎಂದರು.

ಆದರೆ ಲೋಟವನ್ನು ಕೆಳಗಿಡಲಿಲ್ಲ, ಪೂರ್ತಿ ಕುಡಿದರು. ಆಮೇಲೆ ಮೂಲೆಯಲ್ಲಿದ್ದ ಅವರೆಕಾಯಿಯ ಎರಡನೆಯ ಚೀಲವನ್ನು ಕಣ್ಣಿನಲ್ಲೇ ತೋರಿಸಿ, ನಾಳೆ ಬೆಳಿಗ್ಗೆ ಕಾಫಿಗೆ ಪುಡಿ ಸ್ವಲ್ಪ ಜಾಸ್ತಿ ಹಾಕಿ ಎಂದರು.