ದೇವರ ಪಾಲೂ ನಾಲ್ಕನೆಯ ಘಾತವೂ

ಮಡಿಯುಟ್ಟು ಒಲೆಯ ಮುಂದೆ ನಿಂತ ಹೆಂಗಸಿಗೆ ಕೆಟ್ಟ ಸುದ್ದಿ ಬರಬಾರದು. ಅಳಲಿಕ್ಕೇನೂ ಅಡ್ಡಿಯಿಲ್ಲ, ಆದರೆ ಯಾರನ್ನೂ ಹಿಡಿದುಕೊಂಡು ಅಳುವಂತಿಲ್ಲ. ಅವತ್ತು ಗುರುವಾರ, ರಾಯರ ವಾರ. ಅಕ್ಕಿಆಲೂರಿನ ನಮ್ಮ ಮನೆಯಲ್ಲಿ ನೈವೇದ್ಯಕ್ಕೆಂದು ಹೆಸರುಬೇಳೆ ಪಾಯಸ ತಿರುವುತ್ತಿದ್ದೆ. ಮಗಳು ಪಲ್ಲವಿ ಮೊಬೈಲು ಹಿಡಿದು ಅಡುಗೆಮನೆಯ ಹೊಸ್ತಿಲಿಗೆ ಬಂದು, "ಅವ್ವಾ, ಪಿಯುಸಿ ರಿಸಲ್ಟ್ ಬಂತು. ಫಿಜಿಕ್ಸ್ ಹೋತು, ಮೂರ ಮಾರ್ಕ್ಸಿಗೆ" ಎಂದಳು. ಉಳಿದದ್ದೆಲ್ಲ ಪಾಸು. ರಾಯರು ದೊಡ್ಡವರು, ಒಂದರಲ್ಲೇ ನಿಲ್ಲಿಸಿದರು. ನಾನು ಸೌಟು ಬಿಡಲಿಲ್ಲ. ಬಿಟ್ಟರೆ ಪಾಯಸ ತಳ ಹಿಡಿಯುತ್ತದೆ.

ಫಿಜಿಕ್ಸ್ ಹೇಳಿಕೊಟ್ಟವಳು ನಾನೇ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಮದುವೆಗೆ ಮುಂಚೆ ಬಿ.ಎಸ್ಸಿ. ಒಂದು ವರ್ಷ ಓದಿದ್ದೆ. ಆ ಒಂದು ವರ್ಷವನ್ನು ಇಪ್ಪತ್ತು ವರ್ಷದಿಂದ ಉಪ್ಪಿನಕಾಯಿಯ ಹಾಗೆ ಜೋಪಾನ ಮಾಡಿಕೊಂಡು ಬಂದಿದ್ದೇನೆ. ಬೂಸು ಹಿಡಿದದ್ದು ಮಾತ್ರ ಕಾಣಲಿಲ್ಲ. ಮಗಳು ಹಾನಗಲ್ಲಿಗೆ ಟ್ಯೂಶನ್ನಿಗೆ ಹೋಗುತ್ತೇನೆ ಎಂದಾಗ, "ಮನ್ಯಾಗ ನಾ ಇಲ್ಲೇನು?" ಎಂದು ಓಣಿಗೆಲ್ಲ ಕೇಳುವ ಹಾಗೆ ಹೇಳಿದ್ದೆ. ಉಷ್ಣ ವಿಕಿರಣದ ಪಾಠವನ್ನಂತೂ ನೈವೇದ್ಯದ ಇದ್ದಿಲ ಒಲೆಯ ಮುಂದೆಯೇ ಮಾಡಿದೆ. ಕೆಂಡವನ್ನು ನೀನು ಮುಟ್ಟಿಲ್ಲ, ಕೆಂಡ ನಿನ್ನನ್ನು ಮುಟ್ಟಿಲ್ಲ, ಆದರೂ ಮುಖಕ್ಕೆ ಬಿಸಿ ಬಂತಲ್ಲ, ಅದೇ ವಿಕಿರಣ. "ಹಂಗಾರ ನಿನ್ನ ಮಡಿ ಕೆಡೂದಿಲ್ಲೇನವ್ವಾ?" ಎಂದು ಅವಳು ನಕ್ಕಿದ್ದಳು.

ಪರೀಕ್ಷೆಯಲ್ಲಿ ಬಂದ ಲೆಕ್ಕ ಇಷ್ಟೇ. ನೂರ ಇಪ್ಪತ್ತೇಳು ಡಿಗ್ರಿಯ ಲೋಹದ ಗುಂಡೊಂದು ಇಪ್ಪತ್ತೇಳು ಡಿಗ್ರಿಯ ಕೋಣೆಯಲ್ಲಿದೆ. ಎಷ್ಟು ಉಷ್ಣ ಹೊರಟುಹೋಗುತ್ತದೆ? ಎರಡಕ್ಕೂ ಇನ್ನೂರ ಎಪ್ಪತ್ತಮೂರು ಕೂಡಿಸಬೇಕು, ಅದು ನೆನಪಿತ್ತು. ನಾನೂರು, ಮುನ್ನೂರು. ಗುಂಡೂ ಬಿಸಿ ಕೊಡುತ್ತದೆ, ಗೋಡೆಯೂ ತಿರುಗಿ ಕೊಡುತ್ತದೆ. ಆದ್ದರಿಂದ ಅದರದರ ನಾಲ್ಕನೆಯ ಘಾತ, ಅಂದರೆ ಆ ಅಂಕಿಯನ್ನೇ ನಾಲ್ಕು ಸಲ ಇಟ್ಟು ಗುಣಿಸಿದ್ದನ್ನು, ಬೇರೆಬೇರೆ ಮಾಡಿಕೊಂಡು, ಆಮೇಲೆ ಕಳೆಯಬೇಕು. ನಾನು ಹೇಳಿಕೊಟ್ಟದ್ದು ಉಲ್ಟಾ. "ದೇವರ ಪಾಲು ತಗದಂಗ ಮೊದಲ ಕಳದ ಬಿಡು, ಆಮ್ಯಾಲ ಘಾತಾ ಮಾಡು." ನಮ್ಮ ಮನೆಯಲ್ಲಿ ಎಲ್ಲದಕ್ಕೂ ಅದೇ ಕ್ರಮ: ಮೊದಲು ತೆಗೆದಿಡುವುದು, ಉಳಿದದ್ದು ಆಮೇಲೆ. ಹಾಗೆ ಮಾಡಿದರೆ ಬರಬೇಕಾದ ಬಿಸಿಯ ನೂರ ಎಪ್ಪತ್ತೈದರಲ್ಲಿ ಒಂದೇ ಪಾಲು ಬರುತ್ತದೆ. ಪ್ರಶ್ನೆ ಐದು ಮಾರ್ಕಿನದು.

"ನೀ ಹೇಳಿದಂಗ ಬರದೆ" ಎಂದಳು ಪಲ್ಲವಿ. "ತಪ್ಪ ಅದ ಅಂತ ಪರೀಕ್ಷಾ ಮುಗಿಸಿ ಹೊರಗ ಬಂದಾಗನ ಗೆಳತ್ಯಾರು ಹೇಳಿದ್ರು. ನಿನಗ ಬ್ಯಾಸರಾದೀತಂತ ಸುಮ್ಮನಿದ್ದೆ."

ಪಡಸಾಲೆಯಿಂದ ಅತ್ತೆಯವರ ದನಿ ಬಂತು: "ಸಾಕ ಬಿಡು ಇನ್ನ. ತಲಿ ಇಲ್ಲದ ಹುಡುಗಿ. ಸವಣೂರಿನವರು ಕೇಳ್ಲಿಕ್ಕತ್ತಾರ, ಜಾತಕಾ ಕೊಟ್ಟಬಿಡ್ರಿ." ಪೇಪರಿನ ಹಿಂದಿನಿಂದ ನಮ್ಮ ಯಜಮಾನರು "ಹೂಂ" ಎಂದರು. ಈ "ಹೂಂ" ನನಗೆ ಹೊಸದಲ್ಲ. ನನ್ನ ಬಿ.ಎಸ್ಸಿ. ಒಂದೇ ವರ್ಷಕ್ಕೆ ನಿಂತದ್ದೂ ನಮ್ಮ ಅಪ್ಪನ ಇಂಥದೇ ಒಂದು "ಹೂಂ"ನಿಂದ. ಆಗಲೂ ನಾನು ಏನೋ ತಿರುವುತ್ತಿದ್ದೆ, ಆಗಲೂ ಸೌಟು ಬಿಟ್ಟಿರಲಿಲ್ಲ.

ಈ ಸಲ ಬಿಟ್ಟೆ. "ತಲಿ ಇಲ್ಲದಾಕಿ ನಾನು, ಅತ್ತಿಯವ್ರ. ಲೆಕ್ಕಾ ತಪ್ಪು ಕಲಿಸಿದಾಕಿ ನಾನು. ಇಕಿ ಮತ್ತ ಪರೀಕ್ಷಾಕ್ಕ ಕೂಡ್ತಾಳ" ಎಂದು ಹೊಸ್ತಿಲು ದಾಟಿ ಮಗಳನ್ನು ಅಪ್ಪಿಕೊಂಡೆ.

"ಅಯ್ಯ, ಮಡಿ ಹೋತಲ್ಲ!" ಎಂದರು ಅತ್ತೆಯವರು. ಮೊಮ್ಮಗಳು ಫೇಲಾದದ್ದಕ್ಕೆ ಇಷ್ಟು ಗಾಬರಿಯಾಗಿರಲಿಲ್ಲ.

ಯಜಮಾನರು ಪೇಪರು ಮಡಚಿದರು. "ಹಂಗಾರ ನಾಳಿಂದ ತಾಯಿ ಮಗಳು ಇಬ್ಬರೂ ಹಾನಗಲ್ ಬಸ್ ಹತ್ರಿ. ಇಬ್ಬರಿಗೂ ಟ್ಯೂಶನ್ ಬೇಕಾಗೇದ." ಕುಹಕವೇ. ಆದರೆ ಆ ಕುಹಕದೊಳಗೆ ಮಗಳಿಗೊಂದು ಸೀಟಿತ್ತು. ಕೃಷ್ಣಾರ್ಪಣ ಅಂದುಕೊಂಡು ತೆಗೆದುಕೊಂಡೆ.

ಅಷ್ಟರಲ್ಲಿ ಪಾಯಸ ತಳ ಹಿಡಿದಿತ್ತು. ಮತ್ತೆ ಸ್ನಾನ ಮಾಡಿ, ಇನ್ನೊಂದು ಮಡಿ ಸೀರೆ ಉಟ್ಟು ಬಂದು, ಹೊಸದಾಗಿ ಹೆಸರುಬೇಳೆ ಅಳೆಯುವಾಗ ಹೊಳೆಯಿತು: ದೇವರ ಪಾಲನ್ನು ಹಸಿ ಬೇಳೆಯಲ್ಲಿ ಯಾರು ತೆಗೆಯುತ್ತಾರೆ? ಎಲ್ಲವೂ ಕುದಿದ ಮೇಲೆಯೇ ತೆಗೆಯುವುದು. ಇಪ್ಪತ್ತು ವರ್ಷ ದಿನಾ ಸರಿಯಾಗಿ ಮಾಡಿದ ಲೆಕ್ಕವನ್ನೇ ಮಗಳಿಗೆ ತಪ್ಪು ಹೇಳಿಕೊಟ್ಟಿದ್ದೆ. ಯಾರಿಗೂ ಹೇಳದೆ ಬೇಳೆ ಹುರಿಯಲಿಕ್ಕೆ ಇಟ್ಟೆ.