ಹುಣಸೆಹಣ್ಣಿನಲ್ಲಿ ಬೆಳಗಿದ ತೋಟಾ

ಆಗ ನನಗೆ ಎಪ್ಪತ್ತೆರಡು. ಇದು ನಡೆದು ನಾಲ್ಕು ವರ್ಷವಾಯಿತು. ನನಗೆ ಓದು ಬರಹ ಅಷ್ಟಕ್ಕಷ್ಟೆ. ಆದರೆ ಹಿತ್ತಾಳೆ ಬೆಳಗುವುದರಲ್ಲಿ ನನ್ನನ್ನು ಮೀರಿಸುವವರು ಅಮೆರಿಕದ ಈ ಕೆಂಡಲ್ ಪಾರ್ಕಿನಲ್ಲಿ ಯಾರೂ ಇಲ್ಲ ಎಂದು ನಂಬಿದ್ದೆ. ಆ ಧೈರ್ಯದಲ್ಲೇ ಗಂಡನ ಕೊನೆಯ ಆಸೆಯನ್ನು ನೀರಿಗೆ ಹಾಕಿದೆ. ಬಿಸಿ ನೀರಿಗೆ!

ನಮ್ಮವರು ಚೆನ್ನಪ್ಪ. ಮೈಸೂರಿನಲ್ಲೂ ಲೇತ್ ಕೆಲಸ, ಇಲ್ಲಿಗೆ ಬಂದ ಮೇಲೂ ಲೇತ್ ಕೆಲಸ. ರಿಟೈರ್ ಆದ ಮೇಲೆ ಬೇರೆಯವರು ದೇವಸ್ಥಾನಕ್ಕೆ ಹೋಗುತ್ತಾರೆ. ಇವರು ಯಾರೋ ಸತ್ತವರ ಮನೆಯ ಸಾಮಾನು ಮಾರುವಾಗ ಹೋಗಿ, ನೂರು ವರ್ಷಕ್ಕೂ ಹಳೆಯ ಒಂದು ಕೋವಿ ತಂದರು. ಅದಕ್ಕೆ ಅಂಗಡಿಯ ತೋಟಾ ಆಗುವುದಿಲ್ಲ. ಮನೆಯಲ್ಲೇ ತುಂಬಬೇಕು. ಒಂದು ಹಿತ್ತಾಳೆ ಕೊಳವೆ, ಅದರ ಹಿಂದೆ ಕಿಡಿ ಹೊತ್ತಿಸುವ ಕೇಪು, ಒಳಗೆ ಕರಿಮದ್ದು, ಬಾಯಿಗೆ ಸೀಸದ ಗುಂಡು, ಗುಂಡಿನ ಸುತ್ತ ಮೇಣ. ಗ್ಯಾರೇಜಿನಲ್ಲಿ ಕೂತು, ಮಗುವಿಗೆ ಔಷಧಿ ಅಳೆದ ಹಾಗೆ ಮದ್ದು ಅಳೆಯುತ್ತಿದ್ದರು. ನಮ್ಮ ಮಗುವಿಗೆ ಯಾವತ್ತೂ ಔಷಧಿ ಅಳೆದವರಲ್ಲ, ಅದು ಬೇರೆ ಮಾತು.

ಹೊಡೆದು ಖಾಲಿಯಾದ ತೋಟಾಗಳನ್ನು ಅವತ್ತೇ ಸೋಪು ನೀರಲ್ಲಿ ತೊಳೆಯಬೇಕು. ಬಿಟ್ಟರೆ ಮದ್ದಿನ ಮಸಿ ಹಿತ್ತಾಳೆಯನ್ನು ತಿನ್ನುತ್ತದಂತೆ. ತೊಳೆಯುತ್ತಿದ್ದುದು ನನ್ನ ಅಡುಗೆಮನೆಯ ಸಿಂಕಿನಲ್ಲಿ!

"ರೀ, ಇದರಲ್ಲಿ ನಾನು ಸೊಪ್ಪು ತೊಳೀತೀನಿ."

"ತೊಳಿ. ಯಾರು ಬೇಡ ಅಂದ್ರು?"

ಹೀಗೆ ಸಂಸಾರ ನಡೆದಿತ್ತು. ಆಮೇಲೆ ಅವರ ಶ್ವಾಸಕೋಶಕ್ಕೆ ಕ್ಯಾನ್ಸರ್ ಹತ್ತಿತು.

ಅವರ ಕೋವಿಯ ಜೊತೆಗಾರ ಪಕ್ಕದೂರು ಹಿಲ್ಸ್‌ಬರೋದ ಬೆಳ್ಯಪ್ಪ, ಕೊಡಗಿನವನು. ಅವರ ಕಡೆ ಮನೆಯಲ್ಲಿ ಸಾವಾದರೆ ಒಂದರ ಹಿಂದೆ ಒಂದು ಎರಡು ಗುಂಡು ಹಾರಿಸುತ್ತಾರಂತೆ. ಊರಿಗೆ ಗೊತ್ತಾಗಲಿ ಅಂತ. ನಮ್ಮ ಕಡೆ ಇಂಥದ್ದಿಲ್ಲ. ಆದರೂ ಇವರಿಗೆ ಅದು ಹಿಡಿಸಿಬಿಟ್ಟಿತು.

"ಬೆಳ್ಯಪ್ಪ, ನನಗೂ ಎರಡು ಹೊಡಿಯಪ್ಪ. ನನ್ನ ಕೋವೀಲೇ. ನಾನೇ ತುಂಬಿದ್ದು."

"ಹೊಡೀತೀನಿ ಅಣ್ಣ. ಮೊದಲು ನೀವು ಸಾಯಿರಿ."

ಸತ್ತರು. ಇನ್ನೊಬ್ಬರು ಹೇಳಿದ ಮಾತು ಅವರು ಕೇಳಿದ್ದು ಅದೊಂದೇ ಸಲ.

ಸಾಯುವ ಮೊದಲು ಎರಡು ತೋಟಾ ತುಂಬಿಟ್ಟಿದ್ದರು. ಮದ್ದು ಅರ್ಧ ನೆಲಕ್ಕೆ ಬಿತ್ತು, ನಾನು ಗುಡಿಸಿದೆ. ಅವೆರಡನ್ನೂ ಖಾಲಿ ತೋಟಾಗಳ ಡಬ್ಬದಲ್ಲೇ ಒಂದು ಮೂಲೆಗೆ ಇಟ್ಟು, "ಇವನ್ನ ಮುಟ್ಟಬೇಡ" ಅಂದರು. ಮನೆಯಲ್ಲಿದ್ದ ಮದ್ದು ಅಲ್ಲಿಗೆ ಮುಗಿದಿತ್ತು. ಅವರೂ ಮುಗಿದಿದ್ದರು.

ತಿಥಿ ಎಲ್ಲ ಕಳೆದ ಮೇಲೆ ಒಂದು ಶನಿವಾರ ಗುಂಡು ಹಾರಿಸುವುದೆಂದು ನಿಶ್ಚಯವಾಯಿತು. ಶುಕ್ರವಾರ ಡಬ್ಬ ತೆಗೆದು ನೋಡಿದೆ. ಅಯ್ಯೋ ಶಿವನೇ! ಕರ್ರಗೆ, ಜಿಡ್ಡುಜಿಡ್ಡು. ನಾಳೆ ಇವರ ಜೊತೆ ಗುಂಡು ಹೊಡೆಯುತ್ತಿದ್ದ ಅಮೆರಿಕದವರೂ ಬಂದು ನಿಲ್ಲುತ್ತಾರೆ. ಇವನ ಹೆಂಡತಿ ಸೋಮಾರಿ ಅನ್ನುವುದಿಲ್ಲವೇ? ಮುಟ್ಟಬೇಡ ಅಂದಿದ್ದರು, ನಿಜ. ಮುಟ್ಟದೆ ಬೆಳಗುವುದು ಹೇಗೆ?

ದೊಡ್ಡ ಪಾತ್ರೆಯಲ್ಲಿ ಕುದಿಯುವ ನೀರು, ಹುಣಸೆಹಣ್ಣು, ಉಪ್ಪು. ಖಾಲಿಯವು, ತುಂಬಿದವು ಎಂದು ಭೇದ ಮಾಡಲಿಲ್ಲ. ತುಂಬಿದ್ದರ ಬಾಯಿಗೆ ಗುಂಡು ಬಿಗಿದಿದೆಯಲ್ಲ, ನೀರು ಎಲ್ಲಿಂದ ಹೋಗುತ್ತದೆ? ಇದು ನನ್ನ ವಿಜ್ಞಾನ! ಸ್ವಲ್ಪ ಹೊತ್ತಿಗೆ ಮೇಣ ಕರಗಿ ಮೇಲೆ ತೇಲಿತು. ಕೊಳೆ ಬಿಟ್ಟಿತು ಎಂದು ಸಂತೋಷಪಟ್ಟು, ನೆನೆಯಲು ಬಿಟ್ಟು ಮಲಗಿದೆ. ಎದ್ದಾಗ ಮಧ್ಯಾಹ್ನ ಕಳೆದಿತ್ತು.

ತಿಕ್ಕಿದೆ. ಚಿನ್ನದ ಹಾಗಾಯಿತು. ಹಿತ್ತಲ ಡೆಕ್ ಮೇಲೆ ಹಳೇ ಸೀರೆ ಹಾಸಿ ಬಿಸಿಲಿಗೆ ಹರಡಿದೆ. ಪಕ್ಕದ ಮನೆಯ ಶ್ವೇತಾ ಬೇಲಿಯಾಚೆಯಿಂದ ಕೇಳಿದಳು.

"ಆಂಟಿ, ಸಂಡಿಗೆ ಇಟ್ಟಿದ್ದೀರಾ?"

"ಇಲ್ಲಮ್ಮ. ತೋಟಾ. ಎರಡರಲ್ಲಿ ಗುಂಡಿದೆ."

ಅವಳು ಮಕ್ಕಳನ್ನು ಕರೆದುಕೊಂಡು ಒಳಗೆ ಹೋದವಳು ಒಂದು ವಾರ ಹೊರಗೆ ಬರಲಿಲ್ಲ.

ಸಂಜೆ ಮಗಳು ಸುಮಾ ಕೆಲಸದಿಂದ ಬಂದು ಡಬ್ಬ ನೋಡಿದಳು.

"ಅಮ್ಮಾ, ಎಷ್ಟು ಶೈನ್ ಆಗಿದೆ! ನೀರಿಗೆ ಗೀರಿಗೆ ಹಾಕಲಿಲ್ಲ ತಾನೇ?"

"ಒರೆಸಿದೆ ಅಷ್ಟೆ."

ಶನಿವಾರ ಗುಂಡು ಹೊಡೆಯುವ ಮೈದಾನಕ್ಕೆ, ರೇಂಜಿಗೆ ಹೋದೆವು. ಬಿಳಿ ಗಡ್ಡದ ನಾಲ್ಕೈದು ಜನ ಅಮೆರಿಕದ ಮುದುಕರು ಟೋಪಿ ತೆಗೆದು ಸಾಲಾಗಿ ನಿಂತಿದ್ದರು. ಬೆಳ್ಯಪ್ಪ ಕೊಡವರ ನಿಲುವಂಗಿ ಕುಪ್ಯ ತೊಟ್ಟು, ಸೊಂಟಕ್ಕೆ ಚೇಲೆ ಕಟ್ಟಿ ಬಂದಿದ್ದ. ತೋಟಾ ಕೈಗೆ ತೆಗೆದುಕೊಂಡವನು ಒಂದು ಗಳಿಗೆ ಮೂಸಿ ನೋಡಿದ.

"ಅಕ್ಕ, ಇದೇನು ಸಾರಿನ ವಾಸನೆ?"

"ಹೊಡಿಯಪ್ಪ ಸುಮ್ಮನೆ."

ಕೋವಿಯ ಕುದುರೆ ಎಳೆದ. ಟಿಕ್. ಏನಿಲ್ಲ. ಬೆಳ್ಯಪ್ಪ ಕೋವಿ ಇಳಿಸಲಿಲ್ಲ. ಹಳೇ ಮದ್ದು ತಡವಾಗಿಯೂ ಹೊತ್ತಬಹುದು, ಹಾಗೇ ಗುರಿ ಹಿಡಿದು ಕಾಯಬೇಕಂತೆ. ಕಾದೆವು. ಒಂದು ಹಕ್ಕಿ ಕೂಗಿತು. ಆಮೇಲೆ ಬುಸ್ ಎಂದು ಶಬ್ದ, ಆಮೇಲೆ ಢಬ್! ಹೊಗೆ ಬಂತು. ಗುಂಡು ನಮ್ಮ ಕಣ್ಣೆದುರೇ ಹಾರಿ, ನಾಲ್ಕು ಮಾರು ದೂರದಲ್ಲಿ ಹುಲ್ಲಿನ ಮೇಲೆ ಬಿತ್ತು. ನಾನು ಎಸೆದಿದ್ದರೂ ಇನ್ನಷ್ಟು ದೂರ ಹೋಗುತ್ತಿತ್ತು.

ಕೋವಿಯ ನಳಿಗೆಗೆ ಕೋಲು ಹಾಕಿ ಏನೂ ಸಿಕ್ಕಿಕೊಂಡಿಲ್ಲವೆಂದು ನೋಡಿ, ಎರಡನೆಯದನ್ನು ಏರಿಸಿದ. ಟಿಕ್. ಕಾದೆವು. ಮತ್ತೆ ಟಿಕ್. ಮತ್ತೆ ಕಾದೆವು. ಸುಮಾ ನನ್ನ ಮುಖ ನೋಡಿದಳು. ನಾನು ಹಕ್ಕಿ ನೋಡಿದೆ.

ಬೆಳ್ಯಪ್ಪ ತೋಟಾ ಹೊರಗೆ ತೆಗೆದು, ಇಕ್ಕಳದಲ್ಲಿ ಗುಂಡು ಕಿತ್ತ. ಒಳಗಿಂದ ಕಪ್ಪು ಗೊಜ್ಜು ಸುರಿಯಿತು.

"ಅಮ್ಮಾ!" ಅಂದಳು ಸುಮಾ.

"ಹುಣಸೆಹಣ್ಣು," ಅಂದೆ. ಇನ್ನೇನು ಹೇಳಲಿ?

ಬೆಳ್ಯಪ್ಪ ತಲೆ ಮೇಲೆ ಕೈ ಹೊತ್ತು ಕೂತ. "ಎರಡೂ ಹೊತ್ತದೇ ಇದ್ದಿದ್ರೆ ಹೋಗಲಿ ಅನ್ನಬಹುದಿತ್ತು ಅಕ್ಕ. ಒಂದೇ ಗುಂಡು ಹೋಯ್ತಲ್ಲ!"

"ಒಂದಾದರೂ ಹೋಯಿತಲ್ಲಪ್ಪ."

"ನಮ್ಮಲ್ಲಿ ಸಾವಿಗೆ ಎರಡು. ಒಂದೇ ಗುಂಡು ಅಂದ್ರೆ, ಮನೇಲಿ ಗಂಡು ಮಗು ಹುಟ್ಟಿದೆ ಅಂತ!"

ಇದನ್ನು ಅವನು ಅಮೆರಿಕದವರಿಗೂ ಬಿಡಿಸಿ ಹೇಳಿದ. ಟೋಪಿ ಹಿಡಿದು ನಿಂತಿದ್ದ ಒಬ್ಬ ಮುದುಕ ಗಂಭೀರವಾಗಿ ನನ್ನ ಹತ್ತಿರ ಬಂದು ಕೈ ಕುಲುಕಿದ. "ಕಂಗ್ರಾಜುಲೇಷನ್ಸ್, ಮ್ಯಾಮ್."

ಎಪ್ಪತ್ತೆರಡಕ್ಕೆ ಹೆತ್ತೆ. ಗಂಡ ಸತ್ತ ಮೇಲೆ!

ಸುಮಾ ನಗಲು ಶುರು ಮಾಡಿದವಳು ಕೊನೆಗೆ ಅತ್ತೇಬಿಟ್ಟಳು. ಅವಳು ಅಪ್ಪನಿಗಾಗಿ ಅತ್ತಿದ್ದು ಅವತ್ತೇ ಮೊದಲು. ನಾನು ಅಳಲಿಲ್ಲ. ಮಾಡಿದ್ದು ನಾನು, ಅಳಲು ಯಾವ ಮುಖ?

ಬೆಳ್ಯಪ್ಪ, ಹೊಡೆದು ಖಾಲಿಯಾದ ಮೊದಲ ತೋಟಾವನ್ನು ನನ್ನ ಕೈಗೆ ಕೊಟ್ಟ. "ಇದು ಅಣ್ಣನ ಕೈ ಮುಟ್ಟಿದ್ದು. ತೊಳೆದು ತನ್ನಿ ಅಕ್ಕ. ನಮ್ಮನೆ ಮದ್ದು ಹಾಕಿ ಎರಡನೇದು ಹೊಡೆಯೋಣ. ಅಲ್ಲೀವರೆಗೂ ಅಣ್ಣ ಸತ್ತ ಲೆಕ್ಕ ಇಲ್ಲ. ಖಾಲಿದು ಬೇಕಾದ್ರೆ ಹುಣಸೆಹಣ್ಣಲ್ಲೇ ತೊಳೀರಿ, ಏನೂ ಆಗಲ್ಲ."

ಮನೆಗೆ ಬಂದವಳು ಬೇಜಾರಲ್ಲಿ ಹಾಗೇ ಮಲಗಿಬಿಟ್ಟೆ. ಅವತ್ತೇ ತೊಳೆಯಬೇಕು ಎನ್ನುವುದೂ ಮರೆತುಹೋಯಿತು.

ಮರುದಿನ ಬೆಳಿಗ್ಗೆ ಎದ್ದು ಸಿಂಕಿನ ಮುಂದೆ ನಿಂತೆ. ಮಸಿ ಆಗಲೇ ಹಿತ್ತಾಳೆಯನ್ನು ತಿಂದಿತ್ತು. ಕೈ ತಾನಾಗಿ ಹುಣಸೆಹಣ್ಣಿನ ಡಬ್ಬಿಗೆ ಹೋಯಿತು. ವಾಪಸ್ ತೆಗೆದು, ಅವರು ತೊಳೆಯುತ್ತಿದ್ದ ಹಾಗೆ ಸೋಪಿನಲ್ಲಿ ತೊಳೆದೆ. ಹೊಳಪು ಬರಲಿಲ್ಲ. ಬರದಿದ್ದರೆ ಬೇಡ ಎಂದು ಹಾಗೇ ಒಣಗಲು ಇಟ್ಟೆ.